ದೊರೆಸಾನಿ ಮನೆಯ ಗಾರೆ ಕೆಲಸ

ತಾರಸಿ ಕೆಲಸಕ್ಕೆ ಬೆಲ್ಲ ಯಾಕೆ ಎಂದು ದೊರೆಸಾನಿ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೇಳಿದ್ದಕ್ಕಲ್ಲ, ಕೇಳಿದ ರೀತಿಗೆ. ನಾನು ಬರೆದುಕೊಟ್ಟಿದ್ದ ಸಾಮಾನಿನ ಪಟ್ಟಿಯನ್ನು ಪಿಯಾನೋ ಮುಚ್ಚಳದ ಮೇಲೆ ಹರಡಿಕೊಂಡು, ಸುಣ್ಣ ಸರಿ, ಇಟ್ಟಿಗೆ ಸರಿ, ತೇಗದ ಜಂತೆ ಸರಿ ಎಂದು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಬಂದವರು ಬೆಲ್ಲದ ಹತ್ತಿರ ಬಂದು ನಿಂತರು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಇದು ಯಾರ ಮನೆ ಅಡಿಗೆಗೆ?" ಎಂದರು. ಇಂಗ್ಲಿಷಿನಲ್ಲಿ ಕೇಳಿದರೂ ಚುಚ್ಚುವ ಮಾತು ಚುಚ್ಚಿಯೇ ಚುಚ್ಚಿತು.

ಸ್ವಾತಂತ್ರ್ಯ ಬಂದು ಆಗ ಐದಾರು ವರ್ಷವಾಗಿತ್ತು. ಓವರ್‌ಸಿಯರ್ ಪರೀಕ್ಷೆ ಪಾಸು ಮಾಡಿಕೊಂಡು, ಸರ್ಕಾರಿ ಕೆಲಸದ ಆರ್ಡರು ಇವತ್ತು ಬಂತು, ನಾಳೆ ಬಂತು ಎಂದು ಅಂಚೆಯವನ ದಾರಿ ಕಾಯುತ್ತ ನಾನು ಮನೆಯಲ್ಲಿದ್ದೆ. ಊರಿನಲ್ಲಿದ್ದ ಬಿಳಿಯರಲ್ಲಿ ಬಹಳ ಮಂದಿ ಗಂಟುಮೂಟೆ ಕಟ್ಟಿದ್ದರು. ಈಕೆ ಮಾತ್ರ ಉಳಿದುಕೊಂಡು, ಇದ್ದಬದ್ದ ದುಡ್ಡಿನಲ್ಲಿ ಲಕ್ಷ್ಮೀಪುರಂನ ಒಂದು ಹಳೇ ಮನೆ ಕೊಂಡು, ಮಕ್ಕಳಿಗೆ ಪಿಯಾನೋ ಪಾಠ ಹೇಳಿಕೊಡುತ್ತಿದ್ದರು. ಬೀದಿಯವರೆಲ್ಲ ದೊರೆಸಾನಿ ಎನ್ನುತ್ತಿದ್ದರು. ಒಂಟಿ ಜೀವ. ವಯಸ್ಸು ಐವತ್ತು ದಾಟಿತ್ತು.

ಮನೆಯ ಬೇರೆ ಕೋಣೆಗಳು ಹೇಗೋ ಇದ್ದವು. ಪಿಯಾನೋ ಇದ್ದ ನಡುಕೋಣೆಯ ತಾರಸಿ ಮಾತ್ರ ಸೋರುತ್ತಿತ್ತು. ಅದನ್ನು ಹೊಸದಾಗಿ ಹಾಕಿಸುವ ಮೇಲ್ವಿಚಾರಣೆಗೆ ನನ್ನನ್ನು ಕರೆಸಿದ್ದರು. ಹೋದ ಮಳೆಗಾಲದಲ್ಲಿ ಆಕೆ ಪಿಯಾನೋದ ಮೇಲೆ ಮೇಣಗಪಟ ಹೊದಿಸಿ, ಅದರ ಮೇಲೆ ಮೂರು ಬೋಗುಣಿ ಇಟ್ಟು ಪಾಠ ಮಾಡಿದ್ದರಂತೆ. ಇನ್ನೊಂದು ಮಳೆಗಾಲ ಆ ಪಿಯಾನೋ ತಡೆಯುತ್ತಿರಲಿಲ್ಲ. ಪಿಯಾನೋ ಹೋದರೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಊಟವಿಲ್ಲ. ಇಂಗ್ಲೆಂಡಿನಲ್ಲಿದ್ದ ತಮ್ಮ, ಬಂದುಬಿಡು, ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಕಾಗದ ಬರೆದಿದ್ದ. "ಮಳೆಗಾಲಕ್ಕೆ ಮುಂಚೆ ಈ ಸೋರುವುದು ನಿಂತರೆ ನಾನೂ ಇಲ್ಲೇ ನಿಲ್ಲುತ್ತೇನೆ. ನಿಲ್ಲದಿದ್ದರೆ ಹಡಗು ಹತ್ತುತ್ತೇನೆ. ನನಗೆ ಹೋಗಲು ಇಷ್ಟವಿಲ್ಲ" ಎಂದು ಮೊದಲ ದಿನವೇ ನನಗೆ ಹೇಳಿದ್ದರು. ಅಷ್ಟು ನೇರವಾಗಿ ಮಾತಾಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಿದ್ದರು. ಅವರ ಊರಿನಲ್ಲಿ ಸೂರಿನ ಹತ್ತು ಹಂಚು ಬದಲಾಯಿಸಲು ಒಬ್ಬನನ್ನು ಕರೆದರೆ, ಅವನು ಮೂರು ಸಲ ಬಂದು, ಮೂರು ಸಲ ಟೀ ಕುಡಿದು, ಅರ್ಧ ಕೆಲಸದಲ್ಲಿ ನಿಂತು, ಮೊದಲು ಹೇಳಿದ್ದು ಸಾಲದು ಇನ್ನಷ್ಟು ಕೊಡಿ ಎನ್ನುತ್ತಾನಂತೆ. ತಮ್ಮನ ಮನೆಯಲ್ಲಿ ಹಾಗೇ ಆಗಿ ತಿಂಗಳೆಲ್ಲ ಬರೀ ಆಲೂಗಡ್ಡೆ ಬೇಯಿಸಿಕೊಂಡು ತಿಂದರಂತೆ. ಇಲ್ಲಾದರೆ ಅಷ್ಟೇ ದುಡ್ಡಿಗೆ ಹನ್ನೆರಡು ಆಳು ಸಿಗುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ಆದರೆ ಪರದೇಶದಲ್ಲಿ ಹನ್ನೆರಡು ಆಳನ್ನು ನಂಬುವುದು ಹೇಗೆ ಎಂಬುದು ಗೊತ್ತಿರಲಿಲ್ಲ. "ಒಟ್ಟು ಎಷ್ಟು? ಒಂದೇ ಮಾತು ಹೇಳಿ. ಅದರ ಮೇಲೆ ಒಂದು ಕಾಸೂ ಕೇಳಬಾರದು. ಬರೆದು ಸಹಿ ಹಾಕಿ" ಎಂದರು.

ನಮ್ಮ ಕಡೆ ಮೇಸ್ತ್ರಿಗಳು ಹಾಗೆಲ್ಲ ಒಟ್ಟು ಹೇಳುವವರಲ್ಲ. ಆಳಿಗೆ ದಿನಗೂಲಿ, ಕೆಲಸ ಮುಗಿಯುವವರೆಗೆ ಕೆಲಸ. ನಾನು ಕರೆತಂದ ಮೇಸ್ತ್ರಿ, ನಮ್ಮಪ್ಪನ ಕಾಲದಿಂದ ಗೊತ್ತಿದ್ದವನು, ವಿಷಯ ಕೇಳಿ ತಲೆ ಕೆರೆದುಕೊಂಡ. "ಸ್ವಾಮೀ, ಮರ ಎಷ್ಟು, ಇಟ್ಗೆ ಎಷ್ಟು ಅಂದ್ರೆ ಏಳ್ಬೋದು. ಗಾರೆ ಬಡಿಯಾದು ಎಷ್ಟು ದಿವ್ಸ ಅಂತ ಎಂಗೆ ಏಳಾದು? ಅದನ್ನ ಕಾಗ್ದದಾಗೆ ಬರೀಬ್ಯಾಡಿ" ಎಂದ. ನಾನೋ, ಆಗಷ್ಟೇ ಪರೀಕ್ಷೆ ಪಾಸಾದವನು. ಕೋಣೆಯ ಉದ್ದ ಅಗಲ ಗುಣಿಸಿ, ಒಬ್ಬ ಹೆಣ್ಣಾಳು ದಿನಕ್ಕೆ ಇಷ್ಟು ಚದರ ಅಡಿ ಎಂದು ಭಾಗಿಸಿ, ನಾಲ್ಕು ದಿನ ಎಂದು ಚೆಂದದ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಅಷ್ಟು ಬೇಗ ಲೆಕ್ಕ ಮುಗಿದದ್ದಕ್ಕೆ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಹೀಗಿರುವಾಗ ಬೆಲ್ಲದ ಪ್ರಶ್ನೆ. ಗಾರೆಯನ್ನು ಬಡಿಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾರೆ, ಅದರಿಂದ ಗಾರೆಗೆ ಅಂಟು ಬರುತ್ತದೆ, ನೀರು ಇಳಿಯುವುದಿಲ್ಲ, ಇದು ನಮ್ಮಜ್ಜಂದಿರ ಕಾಲದ ಪದ್ಧತಿ ಎಂದೆಲ್ಲ ಹೇಳಿದೆ. ಅಳಲೆಕಾಯಿಗೆ ಇಂಗ್ಲಿಷ್ ಗೊತ್ತಿಲ್ಲದೆ ಕೈಯಲ್ಲಿ ಗಾತ್ರ ತೋರಿಸಿದೆ. ಆಕೆ ಕೇಳಿಸಿಕೊಂಡು, ಬೆಲ್ಲ ತಂದ ದಿನ ನನಗೆ ತೋರಿಸಿ ಎಂದರು. ಸಂತೆಪೇಟೆಯಿಂದ ಬೆಲ್ಲ ಬಂದ ದಿನ ಅದನ್ನು ಹಂಡೆಯ ನೀರಿಗೆ ಹಾಕಿ ಕರಗುವವರೆಗೆ ಅಲ್ಲೇ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಸ್ತ್ರಿ ಒಂದು ಚೂರು ಮುರಿದು ಅವರ ಕೈಗೆ ಕೊಟ್ಟ. ಬಾಯಿಗೆ ಹಾಕಿಕೊಂಡು ಚೀಪುತ್ತ ಕಾವಲು ಮುಂದುವರಿಸಿದರು.

ಏಪ್ರಿಲ್ ಕೊನೆಯಲ್ಲಿ ಹಳೇ ಗಾರೆ ಕಿತ್ತೆವು. ಪಿಯಾನೋವನ್ನು ಎಂಟು ಜನ ಹಿಡಿದು ಊಟದ ಕೋಣೆಗೆ ಸಾಗಿಸಿದರು. ಮೇಲೆ ಬಿಚ್ಚಿ ನೋಡಿದರೆ ಎರಡು ಜಂತೆಗಳ ತುದಿ, ಗೋಡೆಯೊಳಗೆ ಇದ್ದ ಭಾಗ, ಗೆದ್ದಲು ಹಿಡಿದು ಪುಡಿಯಾಗಿತ್ತು. ಒಂದಕ್ಕೆ ಮಾತ್ರ ನಾನು ಪಟ್ಟಿಯಲ್ಲಿ ದುಡ್ಡು ಇಟ್ಟಿದ್ದೆ. ಅಲ್ಲಿಗೆ ನಾನು ಹೆಚ್ಚುವರಿ ಎಂದು ತೆಗೆದಿಟ್ಟದ್ದು ಮುಗಿಯಿತು. ಹೊಸ ಜಂತೆಗಳ ತುದಿಗೆ ಡಾಂಬರು ಬಳಿದು ಕೂರಿಸಿ, ಅದರ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸಾಲು ಕಟ್ಟಿದರು. ಅದು ಒಣಗಿದ ಮೇಲೆ, ಎತ್ತಿನ ಗಾಣದಲ್ಲಿ ಅರೆದ ಸುಣ್ಣಕ್ಕೆ ಇಟ್ಟಿಗೆ ಜಲ್ಲಿ ಬೆರೆಸಿ ನಾಲ್ಕು ಬೆರಳು ದಪ್ಪಕ್ಕಿಂತ ಹೆಚ್ಚಾಗಿ ಹರಡಿದೆವು. ಇನ್ನು ಬಡಿಯುವುದಷ್ಟೇ ಉಳಿದಿತ್ತು.

ಬಡಿಯುವ ಹೆಂಗಸರು ಹನ್ನೆರಡು ಮಂದಿ. ಊಟಿ ರಸ್ತೆಯ ಕಡೆಯ ಹಳ್ಳಿಯವರು. ಅವರ ಮುಂದಾಳು ಒಬ್ಬಳು ಮುದುಕಿ. ಎಲ್ಲರೂ ಅಜ್ಜಿ ಎನ್ನುತ್ತಿದ್ದರು, ಆಕೆಯ ಕೂಲಿ ಮಾತ್ರ ಮಿಕ್ಕವರಿಗಿಂತ ಅರ್ಧ ಹೆಚ್ಚು. ಅದನ್ನೂ ದೊರೆಸಾನಿ ಕೇಳಿದ್ದರು: ಎಲ್ಲರಿಗಿಂತ ಮೆಲ್ಲಗೆ ಬಡಿಯುವವಳಿಗೆ ಎಲ್ಲರಿಗಿಂತ ಹೆಚ್ಚು ಯಾಕೆ? ಆಕೆ ಹಾಡು ಹೇಳುತ್ತಾಳೆ ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಎದುರುಬದುರು ಎರಡು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು, ಕೈಯಲ್ಲಿ ಮರದ ಬಡಿಮಣೆ ಹಿಡಿದು, ಅಜ್ಜಿ ಒಂದು ಸೊಲ್ಲು ಎತ್ತಿದರೆ ಮಿಕ್ಕವರು ಅದಕ್ಕೆ ದನಿ ಕೂಡಿಸಿ ಬಡಿಯುತ್ತಿದ್ದರು. ಬಡಿಯುತ್ತ ಬಡಿಯುತ್ತ ಸಾಲು ಒಂದೊಂದೇ ಅಂಗುಲ ಹಿಂದೆ ಸರಿಯುತ್ತಿತ್ತು. ಬೆಳ್ಳನೆಯ ಗಾರೆ, ಬೆಳ್ಳನೆಯ ಬಿಸಿಲು, ದೂರದಲ್ಲಿ ಬಿಸಿಲಿಗೆ ಮಸುಕಾದ ಬೆಟ್ಟ. ಬೆಲ್ಲದ ನೀರಿನ ವಾಸನೆಗೆ ಎಲ್ಲಿಂದಲೋ ಜೇನುನೊಣಗಳು ಬಂದು ಹೆಂಗಸರ ಬಳೆಗಳ ಸುತ್ತ ಗುಂಯ್‌ಗುಡುತ್ತಿದ್ದವು. ಯಾರನ್ನೂ ಕಚ್ಚಲಿಲ್ಲ. ಕೆಳಗೆ ಊಟದ ಕೋಣೆಯಲ್ಲಿ ಮಕ್ಕಳು ಒಂದೇ ಪಾಠವನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು, ಮೇಲೆ ಇವರು ಒಂದೇ ಹಾಡನ್ನು ಮತ್ತೆ ಮತ್ತೆ ಹಾಡುತ್ತಿದ್ದರು. ತಾರಸಿಯ ಅಂಚಿನ ಕೈಪಿಡಿ ಗೋಡೆಯ ನೆರಳಿನಲ್ಲಿ ಕೂತ ನನಗೆ ಎರಡೂ ಒಂದರೊಳಗೊಂದು ಬೆರೆತು, ನಾನು ಎಚ್ಚರವಾಗಿದ್ದೇನೋ ಮಲಗಿದ್ದೇನೋ ತಿಳಿಯುತ್ತಿರಲಿಲ್ಲ. ಅಂಥ ಮಧ್ಯಾಹ್ನಗಳು ನನಗೆ ಮತ್ತೆ ಸಿಗಲಿಲ್ಲ.

ಎಚ್ಚರ ಮಾಡುತ್ತಿದ್ದವಳು ಅಜ್ಜಿಯೇ. ತಾರಸಿ ಹತ್ತಿದವರನ್ನೆಲ್ಲ ಹಾಡಿಗೆ ಸೇರಿಸುವುದು ಅವರ ರೂಢಿ. ನನ್ನನ್ನು ಬಿಡುತ್ತಾಳೆಯೇ?

"ಕಾಗ್ದದ ಮ್ಯಾಲೆ ಮನೆ ಕಟ್ದೋರ್ಯಾರೇ?" ಎಂದು ಎತ್ತಿದಳು.

"ನಮ್ಮ ಓವರ್‌ಸೇರಪ್ಪಾ" ಎಂದು ಹನ್ನೊಂದು ಮಂದಿ ಬಡಿದರು.

"ಬಿಸ್ಲಾಗೆ ಕೂತು ತೂಕಡಿಸ್ದೋರ್ಯಾರೇ?"

"ನಮ್ಮ ಓವರ್‌ಸೇರಪ್ಪಾ."

ಮೇಸ್ತ್ರಿ ಬೇರೆ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದ. ನಾನು ಎದ್ದು, ಏನೋ ಅಳತೆ ಮಾಡುವವನ ಹಾಗೆ ಟೇಪು ಬಿಚ್ಚಿದೆ.

ಎರಡನೇ ದಿನ ಸಂಜೆ ಮೋಡ ಕಟ್ಟಿ, ಯಾರೂ ಕರೆಯದ ಮಳೆ ಧೋ ಎಂದು ಹೊಡೆಯಿತು. ಈಚಲು ಚಾಪೆ, ಗೋಣಿತಾಟು, ದೊರೆಸಾನಿಯ ಮೇಣಗಪಟ, ಕೈಗೆ ಸಿಕ್ಕಿದ್ದನ್ನೆಲ್ಲ ಹೊದಿಸಿದೆವು. ಆಕೆ ಕೆಳಗಿನಿಂದ ಹಾಸಿಗೆಯ ಕಂಬಳಿಯನ್ನೂ ಎಸೆದರು. ಹಾಗಿದ್ದೂ ಈಶಾನ್ಯದ ಮೂಲೆ ನೆನೆದು, ಸುಣ್ಣದ ಹಾಲು ಹೊರಕ್ಕೆ ಹರಿದುಹೋಯಿತು. ಮಾರನೆಯ ದಿನ ಆ ಮೂಲೆಗೆ ಹೊಸ ಸುಣ್ಣ ಕಲಸಿ ಹಾಕಿ ಮತ್ತೆ ಮೊದಲಿನಿಂದ ಬಡಿತ ಶುರುವಾಯಿತು.

ನಾಲ್ಕನೇ ದಿನ ಮಧ್ಯಾಹ್ನ ಬುತ್ತಿ ತಂದ ಅಮ್ಮ ಅದರ ಜೊತೆಗೆ ಒಂದು ಲಕೋಟೆಯನ್ನೂ ತಂದರು. ಸರ್ಕಾರದ ಆರ್ಡರು. ಹದಿನೈದು ದಿನದೊಳಗೆ ದೂರದ ಜಿಲ್ಲೆಗೆ ಹೋಗಿ ಕೆಲಸಕ್ಕೆ ಸೇರಬೇಕು. ಕುಣಿದಾಡುವಷ್ಟು ಸಂತೋಷವಾಯಿತು. ಸಂಜೆ ಆಳುಗಳು ಕೈ ತೊಳೆಯುವಾಗ ಅದೇ ಹುರುಪಿನಲ್ಲಿ, "ಅಜ್ಜೀ, ನಾಳೆ ಬರಬೇಡಿ. ನಾಳೆ ಮೇಸ್ತ್ರಿ ಗಾರೆ ಮೇಲೆ ಚಪ್ಪಟೆ ಹಂಚು ಕೂರಿಸ್ತಾನೆ" ಎಂದೆ.

ಅಜ್ಜಿ ಬಡಿಮಣೆ ಕೆಳಗಿಡಲಿಲ್ಲ. "ಇನ್ನೂ ಹದ ಬಂದಿಲ್ಲ ಕಣಪ್ಪ" ಎಂದಳು.

"ನಾಲ್ಕು ದಿನ ಆಯ್ತಲ್ಲ!"

"ಗಾರೆಗೇನ್ ಗೊತ್ತು ನಿನ್ ನಾಕ್ ದಿನ? ಹದ ಬಂದ್ರೆ ಮಣೆ ತಾನೇ ಎದ್ ಬತ್ತದೆ, ಕಂಚಿನ್ ತಟ್ಟೆ ಬಡ್ದಂಗೆ ನುಡೀತದೆ. ಆ ಮೂಲೆ ಇನ್ನೂ ಮಣೆ ನುಂಗ್ತಾ ಅದೆ."

"ಹದ ಯಾವಾಗ ಬರುತ್ತೆ? ಒಂದು ದಿನ? ಎರಡು ದಿನ? ಒಂದು ಲೆಕ್ಕ ಹೇಳು."

"ಬಂದಾಗ ಬತ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. ಕೂಲಿಗಾಗಿ ಎಳೆಯುತ್ತಿದ್ದೀಯ ಎಂದುಬಿಟ್ಟೆ. ಅಜ್ಜಿ ಅಲ್ಲಿ ಬಿದ್ದಿದ್ದ ಇಟ್ಟಿಗೆ ಚೂರಿನಿಂದ ಈಶಾನ್ಯದ ಮೂಲೆಯಲ್ಲಿ ಒಂದು ಸುತ್ತು ಗೆರೆ ಎಳೆದು, ಅದರ ಮೇಲೆ ಒದ್ದೆ ಗೋಣಿ ಹಾಸಿ, ಏಣಿ ಇಳಿದು ಹೋದಳು. ಆ ಮಾತನ್ನು ಆಡಬಾರದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ಮೇಸ್ತ್ರಿ ಮೆಲ್ಲಗೆ ವಿಷಯ ಬಿಡಿಸಿ ಹೇಳಿದ. ಈಗ ಹಂಚು ಕೂರಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ. ಈ ವರ್ಷ ಸೋರುವುದೂ ಇಲ್ಲ. ಬರುವ ವರ್ಷ ಒಳಗೊಳಗೇ ನೀರು ಕುಡಿಯುತ್ತದೆ, ಅದರ ಮುಂದಿನ ವರ್ಷ ಜಂತೆಗೆ ಇಳಿಯುತ್ತದೆ. "ಅಷ್ಟೊತ್ಗೆ ನೀವೆಲ್ಲೋ, ನಾನೆಲ್ಲೋ. ನೀವ್ ಏಳ್ದಂಗೆ ಮಾಡ್ತೀನಿ ಸ್ವಾಮಿ" ಎಂದ. ಜೇಬಿನಲ್ಲಿ ಸರ್ಕಾರದ ಆರ್ಡರು ಇತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಮಾತೇ ಸರಿ, ನನಗೇನು ಬಂತು ಎಂದುಕೊಳ್ಳುತ್ತಲೇ ನಡೆದೆ. ಆದರೆ ದೊರೆಸಾನಿ ಮೇಲಕ್ಕೆ ಎಸೆದ ಹಾಸಿಗೆಯ ಕಂಬಳಿ ನೆನಪಾಗುತ್ತಿತ್ತು. ನಾನು ಸಹಿ ಹಾಕಿದ ಕಾಗದವನ್ನು ನಂಬಿ ಆ ಹೆಂಗಸು ಹಡಗು ಹತ್ತದೆ ಉಳಿಯುತ್ತಾಳೆ, ಎರಡು ವರ್ಷ ಕಳೆದ ಮೇಲೆ ತಮ್ಮನ ಮನೆಯ ಕೋಣೆಯೂ ಇರುತ್ತದೋ ಇಲ್ಲವೋ ಎಂಬ ಯೋಚನೆ ಬಂತು.

ಬೆಳಿಗ್ಗೆ ಎದ್ದವನೇ ನೇರ ದೊರೆಸಾನಿಯ ಮನೆಗೆ ಹೋಗಿ, ನನ್ನ ಲೆಕ್ಕ ತಪ್ಪಾಗಿದೆ, ಇನ್ನೂ ಬಡಿಯಬೇಕು, ಎಷ್ಟು ದಿನ ಎಂದು ಗೊತ್ತಿಲ್ಲ ಎಂದೆ.

ಆಕೆ "ಈ ಮಾತನ್ನು ಕೇಳುವುದಕ್ಕೆ ನಾನು ಇಷ್ಟು ಸಮುದ್ರ ದಾಟಿ ಬರಬೇಕಿತ್ತೇ? ನಮ್ಮೂರಿನಲ್ಲೇ ಕೇಳಬಹುದಿತ್ತು" ಎಂದರು. ಉಳಿದಿರುವುದು ಒಂದೇ ದುಡ್ಡು, ಅದು ವರ್ಷಕ್ಕೊಮ್ಮೆ ಮದರಾಸಿನಿಂದ ಬಂದು ಪಿಯಾನೋ ಶ್ರುತಿ ಮಾಡುವವನಿಗೆ ತೆಗೆದಿಟ್ಟದ್ದು ಎಂದರು. ಇಷ್ಟಕ್ಕೂ ಇನ್ನೂ ಬಡಿಯಬೇಕು ಎಂದು ಹೇಗೆ ಗೊತ್ತು ಎಂದು ಕೇಳಿದರು. ಹದ ಬಂದಿಲ್ಲ ಎಂದು ಹೇಳಲು ಇಂಗ್ಲಿಷಿನಲ್ಲಿ ಪದ ಹುಡುಕಿದೆ. ಬಲಿತಿಲ್ಲ ಎಂದೆ, ಒಣಗಿಲ್ಲ ಎಂದೆ, ಬೆಂದಿಲ್ಲ ಎಂದೂ ಅಂದೆ. ಯಾವುದೂ ಅದಲ್ಲ. ಕೊನೆಗೆ ಸಾಕಾಗಿ, "ಮೇಡಂ, ಒಂದು ಸಲ ಮೇಲಕ್ಕೆ ಬನ್ನಿ" ಎಂದೆ.

ಲಂಗ ಎತ್ತಿ ಹಿಡಿದುಕೊಂಡು ಆಕೆ ಏಣಿ ಹತ್ತಿದರು. ಹಂಚು ಜೋಡಿಸಿಡುತ್ತಿದ್ದ ಮೇಸ್ತ್ರಿ ಗಾಬರಿಯಾಗಿ ಎದ್ದು ನಿಂತ. ಅಜ್ಜಿಯೂ ಅಲ್ಲಿದ್ದಳು! ಬರಬೇಡ ಎಂದಿದ್ದರೂ ಒಬ್ಬಳೇ ಬಂದು, ಕೂಲಿಯಿಲ್ಲದೆ, ಆ ಮೂಲೆಯಲ್ಲಿ ಕೂತು ಮೆತ್ತಗೆ ಬಡಿಯುತ್ತಿದ್ದಳು. ನನ್ನ ತಲೆ ತಾನಾಗಿ ತಗ್ಗಿತು.

ದೊರೆಸಾನಿ ಅಜ್ಜಿಯ ಕೈಯಿಂದ ಬಡಿಮಣೆ ತೆಗೆದುಕೊಂಡರು. ಮೊದಲು ತೆಂಕಣ ಗೋಡೆಯ ಹತ್ತಿರ ಒಂದು ಏಟು ಹಾಕಿದರು. ಠಣ್ ಎಂದಿತು, ಮಣೆ ಕೈಯಲ್ಲಿ ಎಗರಿತು. ಆಕೆಯ ಹುಬ್ಬು ಮೇಲೇರಿತು. ಒಂದು ಹೆಜ್ಜೆ ಈಚೆಗೆ ಬಂದು ಇನ್ನೊಂದು ಏಟು, ಇನ್ನೊಂದು ಹೆಜ್ಜೆ, ಇನ್ನೊಂದು ಏಟು. ಕಣ್ಣು ಮುಚ್ಚಿಕೊಂಡಿದ್ದರು. ಎಳೆ ಬಿಸಿಲಿನಲ್ಲಿ ಆ ಬಿಳೀ ತಾರಸಿಯ ಮೇಲೆ, ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡ ದೊರೆಸಾನಿ ಬಗ್ಗಿ ಬಗ್ಗಿ ಹೆಜ್ಜೆಗೊಂದು ಏಟು ಹಾಕುತ್ತ ಬರುವುದನ್ನು ನೋಡುತ್ತ ನಾವು ಮೂವರೂ ನಿಂತಿದ್ದೆವು. ಈಶಾನ್ಯದ ಮೂಲೆ ಬಂತು. ಬದ್ ಎಂದಿತು. ಆಕೆ ನಿಂತರು. ಒಂದಡಿ ಹಿಂದೆ ಹೋಗಿ ಬಡಿದರು, ಮುಂದೆ ಬಂದು ಬಡಿದರು, ಎಡಕ್ಕೆ ಬಡಿದರು. ಆಮೇಲೆ ಕಣ್ಣು ತೆರೆದು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ತೋರಿಸಿ, "ಇಷ್ಟು ಜಾಗ ಶ್ರುತಿ ತಪ್ಪಿದೆ" ಎಂದರು.

ಅಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಅವಳು ಮುಂದೆ ಬಂದು ಗೋಣಿ ಸರಿಸಿದಳು. ಹಿಂದಿನ ಸಂಜೆ ಇಟ್ಟಿಗೆ ಚೂರಿನಿಂದ ಎಳೆದಿದ್ದ ಸುತ್ತು ಅಲ್ಲೇ ಇತ್ತು. ಇಬ್ಬರೂ ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. "ಕಿವಿ ಅದೆ ಈವಮ್ಮಂಗೆ!" ಎಂದಳು ಅಜ್ಜಿ ನನ್ನ ಕಡೆ ತಿರುಗಿ. ನನಗೆ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

"ಇದಕ್ಕೆ ಏನನ್ನುತ್ತಾರೆ?" ಎಂದು ದೊರೆಸಾನಿ ಕೇಳಿದರು.

"ಹದ" ಎಂದೆ.

"ಹದ" ಎಂದು ಎರಡು ಸಲ ಹೇಳಿಕೊಂಡರು. ಏಣಿ ಇಳಿಯುವ ಮುಂಚೆ ಮದರಾಸಿನವನ ದುಡ್ಡನ್ನು ಗಾರೆಗೆ ಹಾಕಿ ಎಂದರು. ಈ ವರ್ಷ ಪಿಯಾನೋ ಹೇಗಿದೆಯೋ ಹಾಗೇ ಇರಲಿ. ನನಗೆ ಬರಬೇಕಾಗಿದ್ದ ಮೇಲ್ವಿಚಾರಣೆಯ ಸಂಬಳವನ್ನೂ ಅದಕ್ಕೇ ಸೇರಿಸಿಕೊಳ್ಳಿ ಎಂದು ನಾನೂ ಅಂದೆ. ಬೇಡ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. "ಸರಿ" ಎಂದುಬಿಟ್ಟರು. ಆ ದುಡ್ಡಿನಲ್ಲಿ ಒಂದು ಸೈಕಲ್ ಕೊಳ್ಳುವ ಆಸೆಯಿತ್ತು. ಅಜ್ಜಿಯ ಹತ್ತಿರ ಹೋಗಿ, ನಿನ್ನೆ ಆಡಿದ ಮಾತು ತಪ್ಪಾಯಿತು ಎಂದೆ. "ಓಗ್ಲಿ ಬುಡು, ನೀನಿನ್ನೂ ಎಳೇವ್ನು" ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಿಕ್ಕ ಹನ್ನೊಂದು ಮಂದಿಯೂ ಬಂದರು. ಮತ್ತೆ ಮೂರು ದಿನ ಬಡಿದರು. ಹಾಡಿನಲ್ಲಿ ನನ್ನ ಪಾಡು ಮುಗಿದು, "ಏಣಿ ಏರಿ ಬಂದೋರ್ಯಾರೇ? ಗಾರೆಗೆ ಕಿವಿ ಕೊಟ್ಟೋರ್ಯಾರೇ? ನಮ್ಮ ದೊರೆಸಾನಮ್ಮಾ" ಎಂದು ಶುರುವಾಗಿತ್ತು. ಆಕೆ ಪಾಠದ ನಡುವೆ ಒಂದೊಂದು ಸಲ ಮೇಲೆ ಬಂದು, ತಲೆಗೆ ಟವಲು ಹಾಕಿಕೊಂಡು ಕೈಪಿಡಿ ಗೋಡೆಯ ನೆರಳಿನಲ್ಲಿ ಕೂರುತ್ತಿದ್ದರು. ಎಷ್ಟು ದಿನ ಎಂದು ಮತ್ತೆ ಕೇಳಲಿಲ್ಲ. ಏಳನೇ ದಿನ ಇಳಿಹೊತ್ತಿನಲ್ಲಿ ಸಾಲು ಆ ಮೂಲೆಗೆ ಬಂದಾಗ ಹನ್ನೆರಡು ಮಣೆಗಳೂ ಒಟ್ಟಿಗೆ ಎಗರಿ ಠಣ್ ಎಂದವು. ಅಜ್ಜಿ ಹಾಡು ನಿಲ್ಲಿಸಿದಳು. ಇಷ್ಟು ದಿನದ ಸದ್ದು ಒಮ್ಮೆಲೇ ನಿಂತು, ಊರೇ ಸುಮ್ಮನಾದ ಹಾಗಾಯಿತು. "ಬಂತು" ಎಂದಳು.

ಹಂಚು ಕೂರಿಸಿ, ಸಂದುಗಳಿಗೆ ಗಿಲಾವು ತುಂಬಿ, ಒದ್ದೆ ಹುಲ್ಲು ಹಾಸಿ ಆರೈಕೆ ಮಾಡಿ, ಪಿಯಾನೋವನ್ನು ಮತ್ತೆ ನಡುಕೋಣೆಗೆ ತಂದಿಟ್ಟ ಮೇಲೆ, ನಾನು ಊರು ಬಿಡಲು ಎರಡು ದಿನ ಇರುವಾಗ ದೊಡ್ಡ ಮಳೆ ಬಂತು. ಕೊಡೆ ಹಿಡಿದು ಓಡಿದೆ. ನೋಡಿದರೆ ಅಜ್ಜಿ ನನಗಿಂತ ಮುಂಚೆ ಬಂದು ನಡುಕೋಣೆಯ ಹೊಸಿಲ ಮೇಲೆ ಕೂತಿದ್ದಳು. ದೊರೆಸಾನಿ ಕರೆದು ಒಳಗೆ ಕೂರಿಸಿ, ಎಲೆಅಡಿಕೆಯ ಜೊತೆ ಒಂದು ರವಿಕೆ ಕಣ ಕೊಟ್ಟರು. ಯಾರು ಹೇಳಿಕೊಟ್ಟರೋ ಕಾಣೆ. ಬೋಗುಣಿಗಳು ಎಲ್ಲೂ ಇರಲಿಲ್ಲ. ಮೂವರೂ ಸೂರು ನೋಡುತ್ತ ಕೂತೆವು. ಹೊರಗೆ ಮಳೆ ಸುರಿಯುತ್ತಲೇ ಇತ್ತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಸುಣ್ಣದ ಹಸಿವಾಸನೆ ಕೋಣೆ ತುಂಬಿತ್ತು.

ಹೋಗುವಾಗ ಅಂಚೆಗೆ ಹಾಕಿ ಎಂದು ಆಕೆ ನನಗೆ ಒಂದು ಕಾಗದ ಕೊಟ್ಟರು. ತಮ್ಮನ ವಿಳಾಸ ಇತ್ತು. "ಬರುವುದಿಲ್ಲ ಎಂದು ಬರೆದಿದ್ದೇನೆ" ಎಂದು ಹೇಳಿ, ಪಿಯಾನೋದ ಮುಂದೆ ಕೂತು ಮುಚ್ಚಳ ತೆರೆದರು. ನುಡಿಸತೊಡಗಿದ್ದು ಅಜ್ಜಿಯ ಹಾಡನ್ನೇ. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು. ತಲೆ ಓರೆ ಮಾಡಿ ಕೇಳಿದಳು. ಎರಡು ಸೊಲ್ಲು ಮುಗಿಯುವವರೆಗೆ ತಾಳಿಕೊಂಡಿದ್ದು, ಆಮೇಲೆ ತಡೆಯಲಾರದೆ ಎದ್ದು ಹೋಗಿ, ಪಿಯಾನೋದ ಬಲಗಡೆಯ ಮೂರು ಬಿಳೀ ಕೀಗಳ ಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಇನ್ನೂ ಹದ ಬಂದಿಲ್ಲ ಕಣವ್ವ" ಎಂದಳು.

ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಬಾಯಿ ತೆರೆದೆ. ದೊರೆಸಾನಿ ಬೇಡವೆಂದು ಕೈ ತೋರಿಸಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತಮಗೆ ಬರುತ್ತಿದ್ದ ನಾಲ್ಕು ಮಾತು ಕನ್ನಡದಲ್ಲಿ, "ಬರ್ತದೆ ಅಜ್ಜಿ. ಇನ್ನೂ ಬಡೀಬೇಕು" ಎಂದು ಹೇಳಿ, ಹಾಡನ್ನು ಮತ್ತೆ ಮೊದಲಿನಿಂದ ಶುರುಮಾಡಿದರು.